ನ್ಯಾಶುವಾದ ಎರಡು ಮಂಗಳವಾರಗಳು

ಜನವರಿ 20, 2024, ಶನಿವಾರ

ಬಾಸ್ಟನ್‌ನ ಲೋಗನ್ ವಿಮಾನ ನಿಲ್ದಾಣದಿಂದ ನ್ಯಾಶುವಾಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಮ್ಯಾಸಚೂಸೆಟ್ಸ್ ಮುಗಿದು ನ್ಯೂ ಹ್ಯಾಂಪ್‌ಶೈರ್ ರಾಜ್ಯ ಶುರುವಾದೊಡನೆ ರಸ್ತೆಬದಿಯ ಹಿಮದ ರಾಶಿಗಳಲ್ಲಿ ಫಲಕಗಳು ಕಾಣಿಸತೊಡಗಿದವು. ರಿಪಬ್ಲಿಕನ್ ಪಕ್ಷದ ಟ್ರಂಪ್, ಹೇಲಿ, ಡಿಸ್ಯಾಂಟಿಸ್, ಅಪರೂಪಕ್ಕೆ ಡೆಮಾಕ್ರಟಿಕ್ ಪಕ್ಷದ ಡೀನ್ ಫಿಲಿಪ್ಸ್. ಮಂಗಳವಾರ ಇಲ್ಲಿ ಅಧ್ಯಕ್ಷೀಯ ಪ್ರೈಮರಿ, ಅಂದರೆ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆ.

"ಈ ಚಳಿಯಲ್ಲಿ ಯಾಕೆ ಅಪ್ಪ, ಬೇಸಿಗೆಯಲ್ಲಿ ಬನ್ನಿ" ಎಂದು ಮಗಳು ಫೋನಿನಲ್ಲಿ ಹೇಳುತ್ತಲೇ ಇದ್ದಳು. ಬೇಸಿಗೆಯಲ್ಲಿ ಬಂದರೆ ನಾನು ನೋಡಬೇಕೆಂದುಕೊಂಡದ್ದು ಸಿಗುತ್ತಿರಲಿಲ್ಲ. ಸಾಗರ ತಾಲ್ಲೂಕಿನ ಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿದವನು ನಾನು. ಚುನಾವಣೆ ಬಂತೆಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಹೋಗುವುದು ಖಚಿತವಾಗಿತ್ತು. ಮಸ್ಟರಿಂಗ್ ಕೇಂದ್ರದಲ್ಲಿ ಸಾಮಗ್ರಿ ಎಣಿಸಿಕೊಂಡು, ಶರಾವತಿ ಹಿನ್ನೀರಿನ ಆಚೆಗಿನ ಹಳ್ಳಿಗೆ ಲಾಂಚಿನಲ್ಲಿ ದಾಟಿ, ಶಾಲೆಯ ಬೆಂಚಿನ ಮೇಲೆ ಮಲಗಿ, ಬೆಳಿಗ್ಗೆ ಅಣಕು ಮತದಾನ ಮಾಡಿಸಿ ಯಂತ್ರಕ್ಕೆ ಮೊಹರು ಹಾಕುತ್ತಿದ್ದೆ. ಒಂದು ಮತವೂ ಹೆಚ್ಚುಕಡಿಮೆಯಾಗದಂತೆ ನಾವು ಕಾಯುತ್ತಿದ್ದದ್ದು ನಿಜ. ಆದರೆ ಆ ಯಂತ್ರದ ಮೇಲಿನ ಹೆಸರುಗಳು ಎಲ್ಲಿಂದ ಬಂದವು, ಯಾರು ಆರಿಸಿದರು ಎನ್ನುವುದು ಮತಗಟ್ಟೆಯಿಂದ ಬಹಳ ದೂರದಲ್ಲಿ ತೀರ್ಮಾನವಾಗುತ್ತಿತ್ತು. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಬಿ ಫಾರಂಗೆ ಸಹಿ ಬೀಳುತ್ತಿತ್ತು; ನಮ್ಮ ಮತದಾರನ ಕೆಲಸ ಅದರ ನಂತರ ಶುರುವಾಗುತ್ತಿತ್ತು. ಆ ಮೊದಲ ಹಂತವನ್ನೂ ಮತದಾರರ ಕೈಗೆ ಕೊಟ್ಟ ದೇಶವೊಂದಿದೆ ಎಂದು ಮಕ್ಕಳಿಗೆ ಪಾಠ ಮಾಡಿದ್ದೆ. ಅದನ್ನು ಕಣ್ಣಾರೆ ನೋಡುವ ಆಸೆ ಬಹಳ ಹಳೆಯದು.

ರಾತ್ರಿ ಊಟಕ್ಕೆ ಕೂತಾಗ ದೂರದರ್ಶನದಲ್ಲಿ ಪಕ್ಕದ ಮ್ಯಾಂಚೆಸ್ಟರ್‌ನ ದೊಡ್ಡ ಕ್ರೀಡಾಂಗಣದಿಂದ ಟ್ರಂಪ್ ಭಾಷಣ ಬರುತ್ತಿತ್ತು. ನಡುನಡುವೆ ಜಾಹೀರಾತು. ಅಂಚೆಪೆಟ್ಟಿಗೆಯಲ್ಲಿ ಬಂದ ಬಣ್ಣದ ಕಾರ್ಡುಗಳನ್ನು ಅಳಿಯ ಮೇಜಿನ ಮೇಲೆ ಹರಡಿದರು. ಹೆಚ್ಚಿನವು ರಿಪಬ್ಲಿಕನ್ ಅಭ್ಯರ್ಥಿಗಳು ಒಬ್ಬರ ಮೇಲೊಬ್ಬರು ಬರೆದವು. ಒಂದೇ ಪಕ್ಷದವರು ಇಷ್ಟು ಬಹಿರಂಗವಾಗಿ ಕಾದಾಡುವುದನ್ನು ನೋಡಿ ನನ್ನ ಹೆಂಡತಿಗೆ ಗಾಬರಿ. "ಇವರೆಲ್ಲ ಒಂದೇ ಕಡೆಯವರಲ್ಲವೇ?" ಎಂದಳು. ಒಂದೇ ಕಡೆಯವರು. ಆ ಕಡೆಯಿಂದ ನವೆಂಬರ್‌ನಲ್ಲಿ ನಿಲ್ಲುವವರು ಯಾರು ಎನ್ನುವುದೇ ಈಗಿನ ಜಗಳ.

ಜನವರಿ 21, ಭಾನುವಾರ

ಮಧ್ಯಾಹ್ನ ಫ್ಲಾರಿಡಾದ ಗವರ್ನರ್ ರಾನ್ ಡಿಸ್ಯಾಂಟಿಸ್ ಕಣದಿಂದ ಹಿಂದೆ ಸರಿದು ಟ್ರಂಪ್‌ಗೆ ಬೆಂಬಲ ಘೋಷಿಸಿದರು. ಆರು ದಿನಗಳ ಹಿಂದೆ, 15ರಂದು, ಅಯೋವಾದಲ್ಲಿ ಅವರು ಎರಡನೆಯ ಸ್ಥಾನದಲ್ಲಿದ್ದರು. ಟ್ರಂಪ್‌ಗೆ ಶೇ. 51, ಅವರಿಗೆ ಶೇ. 21, ನಿಕ್ಕಿ ಹೇಲಿಯವರಿಗೆ ಶೇ. 19. ಅಯೋವಾದ್ದು ಪ್ರೈಮರಿಯಲ್ಲ, ಕಾಕಸ್. ಅದನ್ನು ನಡೆಸುವುದು ಪಕ್ಷ. ಕಾರ್ಯಕರ್ತರು ಮತ್ತು ಮತದಾರರು ಸಂಜೆ ಒಂದು ಹೊತ್ತಿಗೆ ಶಾಲೆಯಲ್ಲೋ ಚರ್ಚಿನಲ್ಲೋ ಸೇರಿ, ಭಾಷಣ ಕೇಳಿ, ಚೀಟಿಯಲ್ಲಿ ಹೆಸರು ಬರೆದು ಕೊಡುತ್ತಾರೆ. ಪ್ರೈಮರಿಯನ್ನು ನಡೆಸುವುದು ರಾಜ್ಯ ಸರ್ಕಾರ. ಮತಗಟ್ಟೆ, ಮತಪತ್ರ, ಮತದಾರರ ಪಟ್ಟಿ ಎಲ್ಲವೂ ನಿಜವಾದ ಚುನಾವಣೆಯ ಹಾಗೆಯೇ. ರಾತ್ರಿಪಾಳಿಯ ನರ್ಸು, ಎಳೆಮಗುವಿನ ತಾಯಿ, ನಡೆಯಲಾಗದ ಅಜ್ಜ ಕಾಕಸ್‌ಗೆ ಹೋಗುವುದು ಕಷ್ಟ. ನನ್ನ ಮನಸ್ಸು ಪ್ರೈಮರಿಯ ಕಡೆಗೇ.

ಸಂಜೆ ಎಕ್ಸಟರ್‌ಗೆ ಹೋದೆವು. 1853ರಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಹೆಸರಿಟ್ಟದ್ದು ತಮ್ಮ ಊರಿನಲ್ಲೇ ಎಂದು ಎಕ್ಸಟರ್‌ನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಲ್ಲಿನ ಪ್ರೌಢಶಾಲೆಯಲ್ಲಿ ಹೇಲಿಯವರ ಸಭೆ. ಪಂಜಾಬಿನಿಂದ ಬಂದ ಸಿಖ್ ದಂಪತಿಯ ಮಗಳು, ದಕ್ಷಿಣ ಕ್ಯಾರೊಲೈನಾದ ಗವರ್ನರ್ ಆಗಿದ್ದವರು. ದೂರದರ್ಶನದ ನ್ಯಾಯಾಧೀಶೆಯೆಂದೇ ಇಲ್ಲಿ ಮನೆಮಾತಾಗಿರುವ ಜೂಡಿ ಶೈಂಡ್ಲಿನ್ ಸಭೆಗೆ ಹೇಲಿಯವರನ್ನು ಪರಿಚಯಿಸಿದರು. ಭಾಷಣದಲ್ಲಿ ಹೊಸತೇನೂ ಇರಲಿಲ್ಲ. 75 ದಾಟಿದ ರಾಜಕಾರಣಿಗಳಿಗೆ ಮಾನಸಿಕ ಸಾಮರ್ಥ್ಯದ ಪರೀಕ್ಷೆ ಬೇಕು ಎಂಬ ಅವರ ಮಾತು ಪತ್ರಿಕೆಗಳಲ್ಲಿ ಹಲವು ಬಾರಿ ಬಂದದ್ದೇ. ನನ್ನ ಗಮನವೆಲ್ಲ ಕೇಳುವವರ ಮೇಲಿತ್ತು. ನನ್ನ ಪಕ್ಕದ ವಯಸ್ಸಾದ ರೈತರೊಬ್ಬರು ತಾವು ಇನ್ನೂ ನಿರ್ಧರಿಸಿಲ್ಲ, ಇಬ್ಬರು ಅಭ್ಯರ್ಥಿಗಳನ್ನು ಎದುರಿಗೆ ಕಂಡಾಗಿದೆ, ಇದು ಮೂರನೆಯದು ಎಂದರು. ಅಭ್ಯರ್ಥಿಯನ್ನು ಕೈಯಳತೆಯಲ್ಲಿ ನೋಡದೆ ಮತ ಹಾಕುವುದಿಲ್ಲ ಎನ್ನುವುದು ಈ ರಾಜ್ಯದವರ ಹಟ. ಜನಸಂಖ್ಯೆ ಸುಮಾರು 14 ಲಕ್ಷ, ನಮ್ಮ ಶಿವಮೊಗ್ಗ ಜಿಲ್ಲೆಗಿಂತ ಕಡಿಮೆ. ಆದ್ದರಿಂದ ಆ ಹಟ ನಡೆಯುತ್ತದೆ.

ಮನೆಗೆ ಬಂದ ಮೇಲೂ ಯಾರೂ ಮಲಗಲಿಲ್ಲ. ಅಯೋಧ್ಯೆಯ ಪ್ರಾಣಪ್ರತಿಷ್ಠೆಯ ಮುಹೂರ್ತ ಇಲ್ಲಿಯ ಲೆಕ್ಕದಲ್ಲಿ ನಡುರಾತ್ರಿ ಕಳೆದು ಎರಡು ಗಂಟೆಯ ಹೊತ್ತಿಗೆ. ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ ಮೂರ್ತಿ ತೆರೆಯ ಮೇಲೆ ಕಂಡಾಗ ಹೆಂಡತಿ ಕೈಮುಗಿದು ಕುಳಿತಿದ್ದಳು.

ಜನವರಿ 22, ಸೋಮವಾರ

ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಬಂದರು. ಡೆಮಾಕ್ರಟಿಕ್ ಪಕ್ಷದಲ್ಲಿ ಹೆಸರು ನೋಂದಾಯಿಸಿದವರು, ನಿವೃತ್ತ ಗ್ರಂಥಪಾಲಕಿ. ಭಾನುವಾರ ಅವರಿಗೊಂದು ಫೋನ್ ಬಂದಿತ್ತಂತೆ. ಧ್ವನಿ ಅಧ್ಯಕ್ಷ ಬೈಡನ್ ಅವರದ್ದೇ. ಈ ಮಂಗಳವಾರ ಮತ ಹಾಕಬೇಡಿ, ನಿಮ್ಮ ಮತವನ್ನು ನವೆಂಬರ್‌ಗೆ ಉಳಿಸಿಕೊಳ್ಳಿ ಎಂಬರ್ಥದ ಮಾತು. ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ನಕಲಿ ಧ್ವನಿ ಅದು. ರಾಜ್ಯದ ಅಟಾರ್ನಿ ಜನರಲ್ ತನಿಖೆ ಶುರುವಾಗಿದೆ ಎಂದು ಅದೇ ದಿನ ಪ್ರಕಟಿಸಿದರು. (ಇದನ್ನು ಮಾಡಿಸಿದ ರಾಜಕೀಯ ಸಲಹೆಗಾರನಿಗೆ ಮುಂದೆ ಅಮೆರಿಕದ ಸಂವಹನ ಆಯೋಗ 60 ಲಕ್ಷ ಡಾಲರ್ ದಂಡ ಹಾಕಿತು.)

ಮತವನ್ನು ಉಳಿಸಿಕೊಳ್ಳುವುದು ಎಂಬುದೇ ಇಲ್ಲ. ಪ್ರೈಮರಿಯಲ್ಲಿ ಹಾಕಿದ ಮತ ನವೆಂಬರ್‌ನ ಮತವನ್ನು ಕಡಿಮೆ ಮಾಡುವುದಿಲ್ಲ. ಇವು ಬೇರೆಬೇರೆ ಚುನಾವಣೆಗಳು. ಅಜ್ಜಿಗೆ ಇದು ಗೊತ್ತಿತ್ತು. ಗೊತ್ತಿಲ್ಲದವರನ್ನು ಹುಡುಕಿ ಹೆಣೆದ ಮೋಸ ಅದು. ನನಗೆ ಬಂದ ಸಿಟ್ಟು ಇಡೀ ದಿನ ಇಳಿಯಲಿಲ್ಲ. ಮತದಾರನನ್ನು ಮತಗಟ್ಟೆಗೆ ಕರೆತರಲು ಊರೂರು ತಿರುಗಿ ಜಾಥಾ ಮಾಡಿದವನಿಗೆ, ಬಾರದಂತೆ ಮಾಡುವವರ ಮೇಲೆ ಸಿಟ್ಟು ಬಾರದೆ ಇನ್ನೇನು?

ಅಳಿಯ ರಜೆ ಹಾಕಿ ರಾಜಧಾನಿ ಕಾಂಕರ್ಡ್‌ಗೆ ಕರೆದುಕೊಂಡು ಹೋದರು. 1819ರಲ್ಲಿ ಕಟ್ಟಿದ ಶಾಸನಭವನ, ಬಂಗಾರದ ಬಣ್ಣದ ಗುಮ್ಮಟ, ಮೆಟ್ಟಿಲುಗಳ ಮೇಲೆ ಹೆಪ್ಪುಗಟ್ಟಿದ ಹಿಮ. ಕೆಳಮನೆಯಲ್ಲಿ 400 ಸದಸ್ಯರು. ನಮ್ಮ ವಿಧಾನಸಭೆಯಲ್ಲಿ 224. ಇಲ್ಲಿನ ಶಾಸಕರ ಸಂಬಳ ವರ್ಷಕ್ಕೆ 100 ಡಾಲರ್. ಬೇರೆ ದುಡಿಮೆಯಿಲ್ಲದೆ ಶಾಸಕನಾಗಿ ಬದುಕಲು ಸಾಧ್ಯವೇ ಇಲ್ಲ.

ಅಧ್ಯಕ್ಷ ಸ್ಥಾನದ ಆಕಾಂಕ್ಷಿಗಳು ನಾಮಪತ್ರ ಸಲ್ಲಿಸುವುದು ಈ ಕಟ್ಟಡದಲ್ಲೇ, ರಾಜ್ಯ ಕಾರ್ಯದರ್ಶಿಯ ಕಚೇರಿಯಲ್ಲಿ. ಶುಲ್ಕ 1,000 ಡಾಲರ್, ಒಂದು ಘೋಷಣಾ ಪತ್ರ, ಅಷ್ಟೇ. ಪಕ್ಷದ ಯಾವ ನಾಯಕನ ಸಹಿಯೂ ಬೇಡ. ಇದು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಈ ಬಾರಿ ರಿಪಬ್ಲಿಕನ್ ಮತಪತ್ರದಲ್ಲಿ 24 ಹೆಸರು, ಡೆಮಾಕ್ರಟಿಕ್ ಮತಪತ್ರದಲ್ಲಿ 21. ಆದರೆ ಆ 21ರಲ್ಲಿ ಬೈಡನ್ ಇಲ್ಲ.

ಅದರ ಹಿಂದೊಂದು ಕಥೆ. ನ್ಯೂ ಹ್ಯಾಂಪ್‌ಶೈರ್ 1920ರಿಂದ ದೇಶದ ಮೊದಲ ಪ್ರೈಮರಿ ನಡೆಸುತ್ತಿದೆ. ಬೇರೆ ಯಾವುದೇ ರಾಜ್ಯದ ಇಂಥ ಚುನಾವಣೆಗಿಂತ ಕನಿಷ್ಠ ಏಳು ದಿನ ಮೊದಲು ತನ್ನದು ನಡೆಯಬೇಕೆಂದು ಕಾನೂನನ್ನೇ ಮಾಡಿಕೊಂಡಿದೆ. ಡೆಮಾಕ್ರಟಿಕ್ ಪಕ್ಷ ಈ ಸಲ ದಕ್ಷಿಣ ಕ್ಯಾರೊಲೈನಾಕ್ಕೆ ಮೊದಲ ಸ್ಥಾನ ಕೊಟ್ಟಿತು; ಈ ರಾಜ್ಯ ಒಪ್ಪಲಿಲ್ಲ; ಬೈಡನ್ ಇಲ್ಲಿ ಹೆಸರು ಕೊಡಲಿಲ್ಲ. ಅವರ ಬೆಂಬಲಿಗರು ಈಗ ಖಾಲಿ ಜಾಗದಲ್ಲಿ ಹೆಸರು ಬರೆಯಿರಿ ಎಂದು ಮನೆಮನೆಗೆ ಹೇಳುತ್ತಿದ್ದಾರೆ. ಪಕ್ಷದ ವಾದದಲ್ಲಿ ನ್ಯಾಯವಿದೆ ಎಂದು ನನಗೆ ಅನ್ನಿಸುತ್ತದೆ. ಈ ರಾಜ್ಯದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಬಿಳಿಯರು. ದಕ್ಷಿಣ ಕ್ಯಾರೊಲೈನಾದಲ್ಲಿ ಡೆಮಾಕ್ರಟರ ಬೆನ್ನೆಲುಬು ಕಪ್ಪು ಮತದಾರರು. ಮೊದಲ ಮಾತು ಸದಾ ಒಂದೇ ಊರಿನದ್ದಾಗಬೇಕು ಎಂಬುದಕ್ಕೆ ಹಳೆಯ ರೂಢಿಯ ಹೊರತು ಬೇರೆ ಆಧಾರವಿಲ್ಲ. ಅಳಿಯನಿಗೆ ಇದು ಒಪ್ಪಿಗೆಯಿಲ್ಲ. "ದೊಡ್ಡ ರಾಜ್ಯಕ್ಕೆ ಮೊದಲ ಸ್ಥಾನ ಕೊಟ್ಟರೆ ಹಣವಿದ್ದವರು ಮಾತ್ರ ಉಳಿಯುತ್ತಾರೆ ಮಾವ, ಇಲ್ಲಿ ಹಳೆಯ ಕಾರು ಓಡಿಸಿಕೊಂಡು ಬಂದವರೂ ಸ್ಪರ್ಧಿಸಬಹುದು" ಎಂದರು. ಆ ಮಾತನ್ನೂ ತಳ್ಳಿಹಾಕುವಂತಿಲ್ಲ.

ಅಮೆರಿಕದಲ್ಲೂ ಒಂದು ಕಾಲದಲ್ಲಿ ಅಭ್ಯರ್ಥಿಯನ್ನು ಆರಿಸುತ್ತಿದ್ದವರು ಪಕ್ಷದ ಯಜಮಾನರೇ. ಪ್ರೈಮರಿಗಳು 20ನೇ ಶತಮಾನದ ಆರಂಭದಲ್ಲೇ ಬಂದರೂ ಕೆಲವೇ ರಾಜ್ಯಗಳಲ್ಲಿದ್ದವು, ಅವುಗಳ ಫಲಿತಾಂಶಕ್ಕೆ ನಾಯಕರು ಬದ್ಧರಾಗಿರಲಿಲ್ಲ. ತಿರುವು ಬಂದದ್ದು 1968ರಲ್ಲಿ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಸೆನೆಟರ್ ಯುಜೀನ್ ಮೆಕಾರ್ತಿ ಮಾರ್ಚ್‌ನಲ್ಲಿ ಇದೇ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶೇ. 42 ಮತ ಪಡೆದರು. ಅಧ್ಯಕ್ಷ ಲಿಂಡನ್ ಜಾನ್ಸನ್ ಶೇ. 49 ಪಡೆದು ಗೆದ್ದರೂ (ಅವರ ಹೆಸರನ್ನೂ ಮತದಾರರು ಕೈಯಲ್ಲೇ ಬರೆಯಬೇಕಾಗಿತ್ತು) ಆ ಗೆಲುವು ಸೋಲಿನಂತೆಯೇ ಆಯಿತು. ತಿಂಗಳು ಮುಗಿಯುವುದರೊಳಗೆ ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಘೋಷಿಸಿದರು. ಜೂನ್‌ನಲ್ಲಿ ಟಿಕೆಟ್‌ಗೆ ಸ್ಪರ್ಧಿಸುತ್ತಿದ್ದ ರಾಬರ್ಟ್ ಕೆನಡಿಯ ಹತ್ಯೆ. ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಶಿಕಾಗೋ ಸಮಾವೇಶ ಟಿಕೆಟ್ ಕೊಟ್ಟದ್ದು ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿಗೆ. ಹೊರಗೆ ಬೀದಿಯಲ್ಲಿ ಪೊಲೀಸರು ಯುವಕರನ್ನು ಬಡಿಯುತ್ತಿದ್ದರು. ನವೆಂಬರ್‌ನಲ್ಲಿ ಹಂಫ್ರಿ ನಿಕ್ಸನ್‌ಗೆ ಸೋತರು. ಆ ಅವಮಾನದಿಂದ ಹುಟ್ಟಿದ ಮೆಕ್‌ಗವರ್ನ್-ಫ್ರೇಸರ್ ಆಯೋಗ ನಿಯಮಗಳನ್ನು ಬದಲಿಸಿತು. 1972ರಿಂದ ಟಿಕೆಟ್ ನಿಜವಾಗಿ ಪ್ರೈಮರಿಗಳಲ್ಲಿ ತೀರ್ಮಾನವಾಗತೊಡಗಿತು. ರಿಪಬ್ಲಿಕನ್ನರೂ ಅದೇ ದಾರಿ ಹಿಡಿದರು. ಹೈಕಮಾಂಡ್ ತಾನಾಗಿ ಅಧಿಕಾರ ಬಿಟ್ಟುಕೊಡಲಿಲ್ಲ, ಬೀದಿಯ ಒತ್ತಡಕ್ಕೆ ಬಿಟ್ಟುಕೊಟ್ಟಿತು. ಅದಕ್ಕಾಗಿ ಏಟು ತಿಂದವರ ಬಗ್ಗೆ ನನಗೆ ಗೌರವವಿದೆ.

ನಡುರಾತ್ರಿ ದೂರದರ್ಶನದ ಮುಂದೆ ಕೂತೆವು. ಕೆನಡಾ ಗಡಿಯ ಹತ್ತಿರದ ಡಿಕ್ಸ್‌ವಿಲ್ ನಾಚ್ ಎಂಬ ಪುಟ್ಟ ಜಾಗದಲ್ಲಿ 1960ರಿಂದ ಹನ್ನೆರಡು ಹೊಡೆದ ಕ್ಷಣವೇ ಮತದಾನ. ಮತದಾರರು ಆರೇ ಮಂದಿ: ನಾಲ್ವರು ರಿಪಬ್ಲಿಕನ್ ಎಂದು ನೋಂದಾಯಿಸಿದವರು, ಇಬ್ಬರು ಯಾವ ಪಕ್ಷಕ್ಕೂ ಸೇರದವರು. ಕೆಲವೇ ನಿಮಿಷಗಳಲ್ಲಿ ಎಣಿಕೆ ಮುಗಿಯಿತು. ಆರೂ ಮತ ಹೇಲಿಗೆ.

ಜನವರಿ 23, ಮಂಗಳವಾರ

ಅಳಿಯನ ಮತಗಟ್ಟೆ ವಾರ್ಡಿನ ಶಾಲೆಯೊಂದರ ವ್ಯಾಯಾಮ ಸಭಾಂಗಣ. ಬಾಗಿಲ ಹೊರಗೆ, ದಾರಿಯ ಎರಡೂ ಬದಿಗೆ, ಅಭ್ಯರ್ಥಿಗಳ ಫಲಕ ಹಿಡಿದು ಜನ ನಿಂತಿದ್ದರು. ಮೂಗು ಕೆಂಪಾಗುವ ಚಳಿ. ನಮ್ಮಲ್ಲಿ 100 ಮೀಟರ್ ಒಳಗೆ ಪ್ರಚಾರ ನಿಷೇಧ, ಮತದಾನಕ್ಕೆ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ಬಂದ್. ಇಲ್ಲಿ ಮತದಾರ ನಡೆದುಹೋಗಲು ಒಂದು ಓಣಿ ಬಿಟ್ಟರೆ ಸಾಕು. ಬೈದಾಟವಿಲ್ಲ, ಟ್ರಂಪ್ ಫಲಕದವನು ಹೇಲಿ ಫಲಕದವಳಿಗೆ ತನ್ನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟದ್ದನ್ನು ನೋಡಿದೆ.

ಒಳಗೆ ಮೊಣಕಾಲೆತ್ತರದ ಕಟಕಟೆಯಂಥ ಅಡ್ಡಪಟ್ಟಿ ಕಟ್ಟಿರುತ್ತಾರೆ. ಅದರಾಚೆಗೆ ಮತದಾರರು ಮತ್ತು ಸಿಬ್ಬಂದಿ. ಈಚೆಗೆ ನನ್ನಂಥ ಯಾರು ಬೇಕಾದರೂ ಕೂತು ನೋಡಬಹುದು. ಮಗಳಿಗೆ ಇನ್ನೂ ಇಲ್ಲಿಯ ಪೌರತ್ವ ಬಂದಿಲ್ಲ, ಅವಳೂ ನನ್ನ ಜೊತೆ ಕುಳಿತಳು. ಮತಗಟ್ಟೆಯ ಮುಖ್ಯಸ್ಥರನ್ನು ಇಲ್ಲಿ ಮಾಡರೇಟರ್ ಎನ್ನುತ್ತಾರೆ. ಅವರನ್ನು ಸ್ಥಳೀಯ ಮತದಾರರೇ ಚುನಾಯಿಸುತ್ತಾರೆ. ಇಡೀ ದೇಶದ ಮತದಾನ ನಡೆಸುವ ಕೇಂದ್ರ ಚುನಾವಣಾ ಆಯೋಗ ಎಂಬುದು ಅಮೆರಿಕದಲ್ಲಿಲ್ಲ. ಪ್ರತಿ ರಾಜ್ಯಕ್ಕೂ ಅದರದೇ ಕಾನೂನು, ಅದರದೇ ಅಧಿಕಾರಿ. ಬೆರಳಿಗೆ ಶಾಯಿಯಿಲ್ಲ. ಮೈಸೂರಿನ ಬಣ್ಣದ ಕಾರ್ಖಾನೆಯ ಶಾಯಿ ಎಷ್ಟೋ ದೇಶಗಳಿಗೆ ಹೋಗಿದೆ, ಇಲ್ಲಿಗೆ ಬೇಕಾಗಿಲ್ಲ. ಫೋಟೋ ಇರುವ ಗುರುತಿನ ಚೀಟಿ ನೋಡಿ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಬೇರೆ ಮೇಜು. ದಾಖಲೆ ತೋರಿಸಿ ಅದೇ ದಿನ ನೋಂದಾಯಿಸಿಕೊಂಡು ಅಲ್ಲೇ ಮತ ಹಾಕಬಹುದು. ಹೆಸರು ಬಿಟ್ಟುಹೋಯಿತೆಂದು ಕಣ್ಣೀರು ಹಾಕಿಕೊಂಡು ಮರಳಿ ಹೋದ ಎಷ್ಟೋ ಹೆಣ್ಣುಮಕ್ಕಳು ನನಗೆ ನೆನಪಾದರು. ಆ ಮೇಜನ್ನು ನಾವು ಕಲಿತುಕೊಳ್ಳಬೇಕು.

ಪ್ರೈಮರಿಯ ವಿಶೇಷವಿರುವುದು ಮೊದಲ ಮೇಜಿನ ಪ್ರಶ್ನೆಯಲ್ಲಿ: ಯಾವ ಪಕ್ಷದ ಮತಪತ್ರ ಬೇಕು? ಡೆಮಾಕ್ರಟ್ ಎಂದು ನೋಂದಾಯಿಸಿದವರಿಗೆ ಆ ಪಕ್ಷದ್ದು ಮಾತ್ರ, ರಿಪಬ್ಲಿಕನ್ನರಿಗೂ ಹಾಗೆಯೇ. ಪಕ್ಷ ಬದಲಿಸಲು ಅಕ್ಟೋಬರ್ 6ರಂದೇ ಕೊನೆಯ ದಿನವಾಗಿತ್ತು. ಅಳಿಯ ಯಾವ ಪಕ್ಷವನ್ನೂ ಘೋಷಿಸಿಕೊಳ್ಳದವರು. ಈ ರಾಜ್ಯದಲ್ಲಿ ಇಂಥವರೇ ಎರಡೂ ಪಕ್ಷಗಳಿಗಿಂತ ಹೆಚ್ಚು. ಅವರು ಯಾವ ಮತಪತ್ರವನ್ನಾದರೂ ಕೇಳಬಹುದು. ಕೇಳಿದ ಕ್ಷಣ ಆ ಪಕ್ಷದವರಾಗುತ್ತಾರೆ. ಮತ ಹಾಕಿ ಹೊರಡುವಾಗ ಇನ್ನೊಂದು ಮೇಜಿನಲ್ಲಿ ಸಹಿ ಮಾಡಿ ಮೊದಲಿನಂತೆ ಪಕ್ಷರಹಿತರಾಗಬಹುದು. ಅಳಿಯ ರಿಪಬ್ಲಿಕನ್ ಮತಪತ್ರ ಕೇಳಿದರು. ಒಳಗೆ ಯಾರಿಗೆ ಗುರುತು ಹಾಕಿದರೋ ಅದು ಗುಟ್ಟು. ಯಾವ ಪಕ್ಷದ ಮತಪತ್ರ ಪಡೆದರು ಎಂಬುದು ಸಾರ್ವಜನಿಕ ದಾಖಲೆ. ನಮ್ಮ ಹಳ್ಳಿಗಳಲ್ಲಿ ಈ ಒಂದು ದಾಖಲೆ ಎಷ್ಟು ಮನೆಗಳಿಗೆ ತೊಂದರೆ ತಂದೀತು ಎಂದು ಯೋಚಿಸಿ ನನಗೆ ಕಳವಳವಾಯಿತು. ಪ್ರೈಮರಿಯನ್ನು ನಮ್ಮಲ್ಲಿಗೆ ತರಬೇಕೆನ್ನುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ಅಳಿಯ ಮರಳಿ ಬಂದು ಹೇಳಿದರು: "ಡಿಸ್ಯಾಂಟಿಸ್, ರಾಮಸ್ವಾಮಿ, ಕ್ರಿಸ್ಟಿ ಎಲ್ಲರ ಹೆಸರೂ ಇನ್ನೂ ಅದರಲ್ಲಿದೆ ಮಾವ. ಕಣ ಬಿಟ್ಟರೂ ಮುದ್ರಿಸಿದ ಮತಪತ್ರ ಬದಲಾಗುವುದಿಲ್ಲ." ನಾವು ಹೊರಡುವ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಬಂದರು. ತಮ್ಮ ಪಕ್ಷದ ಮತಪತ್ರ ಪಡೆದು, ಕೊನೆಯ ಖಾಲಿ ಗೆರೆಯ ಮೇಲೆ ನಿಧಾನವಾಗಿ ಅಕ್ಷರ ಮೂಡಿಸಿ, ಯಂತ್ರದ ಬಾಯಿಗೆ ಕೊಟ್ಟು ಹೊರಗೆ ಬಂದರು. "ಆ ಫೋನಿಗೆ ಇದು ಉತ್ತರ" ಎಂದರು.

ರಾತ್ರಿ ಎಂಟಕ್ಕೆ ಕೊನೆಯ ಮತಗಟ್ಟೆಗಳು ಮುಚ್ಚಿದೊಡನೆ ಸುದ್ದಿಸಂಸ್ಥೆಗಳು ಟ್ರಂಪ್ ಗೆಲುವನ್ನು ಘೋಷಿಸಿದವು. ಅಂತಿಮ ಲೆಕ್ಕದಲ್ಲಿ ಟ್ರಂಪ್‌ಗೆ ಶೇ. 54, ಹೇಲಿಗೆ ಶೇ. 43. ಡೆಮಾಕ್ರಟಿಕ್ ಕಡೆ, ಮತಪತ್ರದಲ್ಲಿ ಹೆಸರೇ ಇಲ್ಲದ ಬೈಡನ್ ಸುಮಾರು ಶೇ. 64 ಪಡೆದು ಗೆದ್ದರು. ಗೆಲುವೆಂದರೆ ಪಕ್ಷದ ಸಮಾವೇಶಕ್ಕೆ ಹೋಗಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳ ಸಂಖ್ಯೆ. ರಾಜ್ಯದ 22 ರಿಪಬ್ಲಿಕನ್ ಪ್ರತಿನಿಧಿಗಳಲ್ಲಿ 13 ಟ್ರಂಪ್‌ಗೆ, 9 ಹೇಲಿಗೆ. ಜುಲೈ ಸಮಾವೇಶದಲ್ಲಿ ದೇಶದ ಒಟ್ಟು 2,429 ಪ್ರತಿನಿಧಿಗಳಲ್ಲಿ 1,215 ಮಂದಿಯ ಬೆಂಬಲ ಪಡೆದವರಿಗೆ ಟಿಕೆಟ್. ಲೆಕ್ಕದಲ್ಲಿ ಈ 22 ಏನೂ ಅಲ್ಲ. ಆದರೆ ಇಲ್ಲಿ ಸೋತವರಿಗೆ ಮುಂದೆ ಹಣ ಕೊಡುವವರಿಲ್ಲ, ಕ್ಯಾಮೆರಾ ಹಿಡಿಯುವವರಿಲ್ಲ.

ಜನವರಿ 24 ಮತ್ತು 25

ಬುಧವಾರ ಬೆಳಗಾಗುವಷ್ಟರಲ್ಲಿ ಕ್ಯಾಮೆರಾಗಳು ಊರು ಬಿಟ್ಟಿದ್ದವು. ಹಿಮ ಬೀಳುತ್ತಿತ್ತು, ಮನೆಯಲ್ಲೇ ಉಳಿದೆವು. ಮಾತು ಪ್ರೈಮರಿಯ ಇನ್ನೊಂದು ಮುಖದ ಕಡೆಗೆ ತಿರುಗಿತು. ಅಧ್ಯಕ್ಷರಿಗೆ ಮಾತ್ರವಲ್ಲ, ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯ, ಗವರ್ನರ್, ಶಾಸಕ, ಕೌಂಟಿಯ (ಇಲ್ಲಿನ ಜಿಲ್ಲೆ) ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಸ್ಥಾನಕ್ಕೂ ಪಕ್ಷದ ಅಭ್ಯರ್ಥಿಯನ್ನು ಸಾಮಾನ್ಯವಾಗಿ ಪ್ರೈಮರಿಯೇ ಆರಿಸುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಪಕ್ಷಕ್ಕೆ ನೋಂದಾಯಿಸಿದವರಿಗೆ ಮಾತ್ರ ಅವಕಾಶ. ಮಿಷಿಗನ್‌ನಲ್ಲಿ ಪಕ್ಷದ ನೋಂದಣಿಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾಂಗ್ರೆಸ್ ಸ್ಥಾನಕ್ಕೆ ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿದ್ದು, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ, ಇಬ್ಬರೂ ಒಂದೇ ಪಕ್ಷದವರಾದರೂ ಸರಿ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ಶ್ರೀ ಥಾನೇದಾರ್ 2022ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ನಗರವಿರುವ ಮಿಷಿಗನ್‌ನ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಸ್ಪರ್ಧಿಸಿದರು. ಕಣದಲ್ಲಿ ಬಹಳ ಮಂದಿ, ಮತ ಹಂಚಿಹೋಯಿತು. ಅವರು ಸುಮಾರು ಶೇ. 28 ಪಡೆದು ಗೆದ್ದರು. ಕ್ಷೇತ್ರ ಡೆಮಾಕ್ರಟರ ಭದ್ರಕೋಟೆ, ನವೆಂಬರ್‌ನಲ್ಲಿ ಶೇ. 71 ಮತ ಬಂತು. ಅಂದರೆ ಆ ಕ್ಷೇತ್ರದ ನಿಜವಾದ ಚುನಾವಣೆ ಆಗಸ್ಟ್‌ನಲ್ಲೇ ಮುಗಿದಿತ್ತು, ಅದೂ ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಪಾಲಿನಿಂದ. ಅಮೆರಿಕದ ಬಹುಪಾಲು ಕ್ಷೇತ್ರಗಳು ಹೀಗೆ ಒಂದು ಪಕ್ಷಕ್ಕೆ ಭದ್ರವಾಗಿವೆ. ಪ್ರೈಮರಿಗೆ ಬರುವವರು ಕಡಿಮೆ, ಬರುವವರು ಹೆಚ್ಚು ಕಟ್ಟಾ ನಿಷ್ಠರು. ಪ್ರೈಮರಿಯಲ್ಲಿ ಗೆಲ್ಲಲು ಗಟ್ಟಿಯಾಗಿ ಕೂಗಬೇಕು, ನವೆಂಬರ್‌ನಲ್ಲಿ ಗೆಲ್ಲಲು ಮೆತ್ತಗೆ ಮಾತಾಡಬೇಕು. ಭದ್ರಕೋಟೆಗಳಲ್ಲಿ ಮೆತ್ತಗಾಗುವ ಅಗತ್ಯವೇ ಬೀಳುವುದಿಲ್ಲ. ಆಯ್ಕೆಯ ಹಕ್ಕನ್ನು ಜನರಿಗೆ ಕೊಟ್ಟ ವ್ಯವಸ್ಥೆಯ ದೊಡ್ಡ ಗಾಯ ಇದೇ ಎಂದು ನನ್ನ ಭಾವನೆ.

ಗುರುವಾರ ಮೊಬೈಲಿನಲ್ಲಿ ಊರಿನ ಸುದ್ದಿ: ಜಗದೀಶ ಶೆಟ್ಟರ್ ಬಿಜೆಪಿಗೆ ಮರಳಿದರು. 2023ರ ಏಪ್ರಿಲ್‌ನಲ್ಲಿ ಟಿಕೆಟ್ ಸಿಗಲಿಲ್ಲವೆಂದು ಕಾಂಗ್ರೆಸ್ ಸೇರಿ, ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ ಸೋತಿದ್ದರು. ಟಿಕೆಟ್ ತಪ್ಪಿಸಿದ್ದು ಸರಿಯೋ ತಪ್ಪೋ ನಾನು ಹೇಳಲಾರೆ. ಆದರೆ ಆ ಕ್ಷೇತ್ರದ ಪಕ್ಷದ ಕಾರ್ಯಕರ್ತರನ್ನು ಒಟ್ಟಿಗೆ ಕೂರಿಸಿ ಕೇಳುವ ಒಂದು ದಿನ, ಒಂದು ಪೆಟ್ಟಿಗೆ ಇದ್ದಿದ್ದರೆ, ಉತ್ತರ ಏನೇ ಬಂದರೂ ಎಲ್ಲರ ಕಣ್ಣೆದುರಿಗೆ ಬರುತ್ತಿತ್ತು.

ನಡುವಿನ ತಿಂಗಳುಗಳು

ಊರಿಗೆ ಮರಳಿದ ಮೇಲೂ ಓದುತ್ತಲೇ ಇದ್ದೆ. ಮಾರ್ಚ್ 5ರ ಸೂಪರ್ ಮಂಗಳವಾರ 15 ರಾಜ್ಯಗಳಲ್ಲಿ ಒಟ್ಟಿಗೆ ಮತದಾನವಾಯಿತು, ಮರುದಿನ ಹೇಲಿ ನಿಲ್ಲಿಸಿದರು. ಮೇ 7ರಂದು ಶಿವಮೊಗ್ಗದಲ್ಲಿ ಲೋಕಸಭೆಗೆ ನಾನು ಮತ ಹಾಕಿದೆ. ಮಗನಿಗೆ ಹಾವೇರಿ ಟಿಕೆಟ್ ಸಿಗದ ಬೇಸರದಲ್ಲಿ ಕೆ.ಎಸ್. ಈಶ್ವರಪ್ಪ ಪಕ್ಷೇತರರಾಗಿ ನಿಂತಿದ್ದರು; ಮತಗಟ್ಟೆಯ ಸಾಲಿನಲ್ಲಿ ಜನ ಮಾತಾಡುತ್ತಿದ್ದದ್ದು ಟಿಕೆಟ್ಟಿನ ವಿಷಯವನ್ನೇ. ಜುಲೈ 21ರಂದು ಬೈಡನ್ ಕಣದಿಂದ ಹಿಂದೆ ಸರಿದರು. ಪ್ರೈಮರಿಗಳು ಆಗಲೇ ಮುಗಿದಿದ್ದವು. ಸಮಾವೇಶದ ಪ್ರತಿನಿಧಿಗಳು ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರನ್ನು ಆನ್‌ಲೈನ್ ಮತದಾನದಲ್ಲಿ ಆರಿಸಿ, ಆಗಸ್ಟ್‌ನಲ್ಲಿ ಶಿಕಾಗೋದಲ್ಲಿ ಮೆರೆಸಿದರು. 1968ರ ಅದೇ ಶಿಕಾಗೋ. ಆ ಬಾರಿ ರಕ್ತ ಹರಿದಿತ್ತು, ಈ ಬಾರಿ ಹಬ್ಬ. ಪಕ್ಷದಲ್ಲಿ ಹೆಚ್ಚಿನವರು ಅವರನ್ನು ಮನಸಾರೆ ಒಪ್ಪಿದ್ದರು. ಆದರೂ ಆ ವರ್ಷ ಮತದಾರರು ಪ್ರೈಮರಿಯಲ್ಲಿ ಆರಿಸದ ಹೆಸರು ಮತಪತ್ರಕ್ಕೆ ಬಂತು. ಬೇರೆ ದಾರಿ ಇರಲಿಲ್ಲ ಎನ್ನಬಹುದು, ನನಗೆ ಸಮಾಧಾನವಾಗಲಿಲ್ಲ.

ನವೆಂಬರ್ 3 ಮತ್ತು 4

ದೀಪಾವಳಿ ಮುಗಿಸಿಕೊಂಡು ಮತ್ತೆ ನ್ಯಾಶುವಾಕ್ಕೆ ಬಂದೆವು. ಅಂದೇ ಗಡಿಯಾರಗಳನ್ನು ಒಂದು ಗಂಟೆ ಹಿಂದಿಟ್ಟಿದ್ದರು, ಸಂಜೆ ಐದಕ್ಕೇ ಕತ್ತಲು. ಜನವರಿಯ ಗದ್ದಲ ಎಲ್ಲೂ ಇಲ್ಲ. ಟ್ರಂಪ್ ಕೊನೆಯ ದಿನ ರಾಲಿ ನಗರ, ರೆಡಿಂಗ್, ಪಿಟ್ಸ್‌ಬರ್ಗ್, ಗ್ರ್ಯಾಂಡ್ ರ್‍ಯಾಪಿಡ್ಸ್ ಸುತ್ತುತ್ತಿದ್ದರು. ಹ್ಯಾರಿಸ್ ಪೆನ್ಸಿಲ್ವೇನಿಯಾ ಬಿಟ್ಟು ಕದಲಲಿಲ್ಲ. ಸಾರ್ವತ್ರಿಕ ಚುನಾವಣೆಯ ಲೆಕ್ಕವೇ ಬೇರೆ. ಅಧ್ಯಕ್ಷರನ್ನು ಆರಿಸಲು ರಾಜ್ಯಗಳ ಪರವಾಗಿ ಮತ ಹಾಕುವ ಎಲೆಕ್ಟರುಗಳು ಒಟ್ಟು 538, ಗೆಲ್ಲಲು 270 ಬೇಕು. ಮೇಯ್ನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಉಳಿದೆಡೆ ಒಂದೇ ಮತದಿಂದ ಮುಂದಿದ್ದರೂ ರಾಜ್ಯದ ಎಲ್ಲ ಎಲೆಕ್ಟರುಗಳೂ ಗೆದ್ದವರ ಪಾಲು. ತೂಗಾಡುವ ಏಳು ರಾಜ್ಯಗಳಲ್ಲಿ ಮಾತ್ರ ಜಗಳ. ನ್ಯೂ ಹ್ಯಾಂಪ್‌ಶೈರ್‌ಗೆ ಇರುವುದು 4. ಜನವರಿಯಲ್ಲಿ ಎಲ್ಲರ ಬಾಯಲ್ಲೂ ಇದ್ದ ರಾಜ್ಯವನ್ನು ನವೆಂಬರ್‌ನಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಸೋಮವಾರ ನಡುರಾತ್ರಿ ಮತ್ತೆ ಡಿಕ್ಸ್‌ವಿಲ್ ನಾಚ್. ಮತ್ತೆ ಆರು ಮತದಾರರು. ಹ್ಯಾರಿಸ್‌ಗೆ 3, ಟ್ರಂಪ್‌ಗೆ 3. ಜನವರಿಯಲ್ಲಿ ಆರೂ ಮತ ಪಡೆದವರ ಹೆಸರು ಈ ಮತಪತ್ರದಲ್ಲಿ ಇರಲೇ ಇಲ್ಲ. ಮೊದಲು ಯಾರು ನಿಲ್ಲಬೇಕೆಂದು ಕೇಳಿದಾಗ ಒಂದಾಗಿದ್ದ ಊರು, ನಿಂತವರಲ್ಲಿ ಯಾರೆಂದು ಕೇಳಿದಾಗ ಸರಿಯಾಗಿ ಎರಡು ಭಾಗವಾಯಿತು.

ನವೆಂಬರ್ 5, ಮಂಗಳವಾರ

ನವೆಂಬರ್‌ನ ಮೊದಲ ಸೋಮವಾರದ ಮರುದಿನವೇ ಚುನಾವಣೆ ಎಂಬುದು 1845ರ ಕಾನೂನು. ಅಂದು ಕೇಂದ್ರ ಸರ್ಕಾರದ ರಜೆಯೂ ಇಲ್ಲದ್ದರಿಂದ ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಆರಕ್ಕೇ ಸಾಲು ನಿಂತಿದ್ದರು. ಅದೇ ಸಭಾಂಗಣ, ಅದೇ ಅಡ್ಡಪಟ್ಟಿ. ಮೇಜಿನಲ್ಲಿ ಪಕ್ಷದ ಪ್ರಶ್ನೆ ಮಾತ್ರ ಇಲ್ಲ. ಎಲ್ಲರಿಗೂ ಒಂದೇ ಮತಪತ್ರ. ಅದು ಎಷ್ಟು ಉದ್ದ! ಅಧ್ಯಕ್ಷ, ಗವರ್ನರ್, ಕಾಂಗ್ರೆಸ್ ಸದಸ್ಯ, ರಾಜ್ಯ ಸೆನೆಟರ್, ಶಾಸಕರು, ಶೆರಿಫ್, ಕೌಂಟಿಯ ಖಜಾಂಚಿ, ಆಸ್ತಿಪತ್ರಗಳ ನೋಂದಣಾಧಿಕಾರಿ, ಕೊನೆಗೆ ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 75ಕ್ಕೆ ಏರಿಸಬೇಕೆ ಎಂಬ ಸಂವಿಧಾನ ತಿದ್ದುಪಡಿಯ ಪ್ರಶ್ನೆ. ಇಲ್ಲಿನ ಸ್ಥಾನಗಳಿಗೆ ಟಿಕೆಟ್ ತೀರ್ಮಾನವಾದದ್ದು ಸೆಪ್ಟೆಂಬರ್ 10ರ ರಾಜ್ಯ ಪ್ರೈಮರಿಯಲ್ಲಿ. ಜನವರಿಯದ್ದು ಅಧ್ಯಕ್ಷರಿಗೆ ಮಾತ್ರ. ಆ ಸೆಪ್ಟೆಂಬರ್‌ನಲ್ಲಿ ಗೆದ್ದ, ನ್ಯಾಶುವಾದಲ್ಲೇ ಬೆಳೆದ ಮ್ಯಾಗಿ ಗುಡ್‌ಲ್ಯಾಂಡರ್ ಈಗ ಕಾಂಗ್ರೆಸ್ ಸ್ಥಾನಕ್ಕೆ ಡೆಮಾಕ್ರಟಿಕ್ ಅಭ್ಯರ್ಥಿ; ಎದುರಿಗೆ ಚೀನಾದಲ್ಲಿ ಹುಟ್ಟಿದ ಲಿಲಿ ಟ್ಯಾಂಗ್ ವಿಲಿಯಮ್ಸ್.

"ಸೆಪ್ಟೆಂಬರ್‌ಗೆ ಹೋಗಿದ್ದಿರಾ?" ಎಂದು ಅಳಿಯನನ್ನು ಕೇಳಿದೆ.

"ಹೋಗಿದ್ದೆ ಮಾವ. ಆಗ ಸಾಲೇ ಇರಲಿಲ್ಲ, ಐದು ನಿಮಿಷದ ಕೆಲಸ."

ಇಂದಿನ ಸಾಲು ಶಾಲೆಯ ಮೂಲೆ ತಿರುಗಿ ಬೀದಿಗೆ ಬಂದಿತ್ತು. ಇವರಲ್ಲಿ ಅರ್ಧದಷ್ಟು ಮಂದಿಯಾದರೂ ಸೆಪ್ಟೆಂಬರ್‌ನಲ್ಲಿ ಬಂದಿದ್ದರೆ ಎಂದು ನನಗೆ ಅನ್ನಿಸುತ್ತಲೇ ಇತ್ತು.

ನವೆಂಬರ್ 6, ಬುಧವಾರ

ಬೆಳಗಿನ ಜಾವ ಟ್ರಂಪ್ ಗೆಲುವು ಖಚಿತವಾಯಿತು. ಕೊನೆಯ ಲೆಕ್ಕ 312ಕ್ಕೆ 226. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹ್ಯಾರಿಸ್ ಶೇ. 3ಕ್ಕಿಂತ ಕಡಿಮೆ ಅಂತರದಿಂದ ಮುಂದಿದ್ದರು. ಅದೇ ಮತದಾರರು ಅದೇ ಮತಪತ್ರದಲ್ಲಿ ಗವರ್ನರ್ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದ ಕೆಲ್ಲಿ ಅಯೋಟ್ ಅವರನ್ನೂ, ಕಾಂಗ್ರೆಸ್‌ಗೆ ಡೆಮಾಕ್ರಟ್ ಗುಡ್‌ಲ್ಯಾಂಡರ್ ಅವರನ್ನೂ ಗೆಲ್ಲಿಸಿದ್ದರು. ಹೆಸರು ನೋಡಿ, ಗೆರೆ ಗೆರೆಯಾಗಿ ಯೋಚಿಸಿ ಹಾಕಿದ ಮತಗಳು. ಇದು ನನಗೆ ಬಹಳ ಇಷ್ಟವಾಯಿತು.

ಹ್ಯಾರಿಸ್ ಪರ ಬಿದ್ದ ಮತ ನೇರವಾಗಿ ಅವರಿಗೆ ಹೋಗುವುದಿಲ್ಲ. ಡಿಸೆಂಬರ್ 17ರಂದು ನಾಲ್ವರು ಎಲೆಕ್ಟರುಗಳು ಕಾಂಕರ್ಡ್‌ನ ಶಾಸನಭವನದಲ್ಲಿ ಸೇರಿ ರಾಜ್ಯದ ಪರವಾಗಿ ಮತ ಬರೆಯುತ್ತಾರೆ. ಜನವರಿ 6ರಂದು ವಾಷಿಂಗ್ಟನ್‌ನಲ್ಲಿ ಎಲ್ಲ ರಾಜ್ಯಗಳ ಲಕೋಟೆಗಳನ್ನು ಒಡೆದು ಎಣಿಸುವ ಸಭೆಯ ಅಧ್ಯಕ್ಷತೆ ಉಪಾಧ್ಯಕ್ಷರದ್ದು, ಅಂದರೆ ಸೋತ ಹ್ಯಾರಿಸ್ ಅವರದ್ದೇ.

ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ತಮ್ಮ ಅಂಗಳದ ಫಲಕ ಕೀಳುತ್ತಿದ್ದರು. ಬೇಸರವಾಗಿದೆಯೇ ಎಂದು ಕೇಳಿದೆ. ಬಹಳ ಆಗಿದೆ ಎಂದರು. ನಂತರ, 2028ಕ್ಕೆ ಸ್ಪರ್ಧಿಸುವ ಆಲೋಚನೆಯಿರುವವರು ಬರುವ ವರ್ಷವೇ ಇಲ್ಲಿನ ಗ್ರಂಥಾಲಯಗಳಿಗೆ ಮಾತಾಡಲು ಬರತೊಡಗುತ್ತಾರೆ, ಅಷ್ಟರಲ್ಲಿ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಬೇಕು ಎಂದು ಫಲಕದ ತಂತಿಗಳನ್ನು ಗ್ಯಾರೇಜಿನಲ್ಲಿ ಜೋಡಿಸಿಟ್ಟರು.